ಅಮ್ಮ ಕೂತಳು, ಮಗಳು ನಿಂತಳು

1871ರಲ್ಲಿ ಒಂದು ದಿನ, ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಗೆ ಮುಖ ಮಾಡಿದ್ದ ಒಂದು ಮನೆಗೆ ಬರಬೇಕಿದ್ದ ಹುಡುಗಿ ಬರಲಿಲ್ಲ. ಚಿತ್ರಕ್ಕೆ ಕೂರಬೇಕಿದ್ದವಳು ಆಕೆ. ಕ್ಯಾನ್ವಾಸ್ ಖಾಲಿ ನಿಂತಿತ್ತು, ಕಲಾವಿದನ ಕೈ ತಡೆಯದು. ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ ಮನೆಯೊಳಗೇ ಇದ್ದ ತಾಯಿಯನ್ನು ಕರೆದರು. ನಿನ್ನ ಚಿತ್ರ ಬಿಡಿಸಬೇಕೆಂದು ಬಹಳ ಕಾಲದಿಂದ ಮನಸ್ಸಿನಲ್ಲಿತ್ತು, ಸ್ವಲ್ಪ ನಿಂತುಕೋ ಎಂದರು. ಅರವತ್ತಾರು ದಾಟಿದ್ದ ಅನ್ನಾ ವಿಸ್ಲರ್ ನಿಂತರು. ಎರಡು ಮೂರು ದಿನ ನಿಂತ ಮೇಲೆ ಮೈ ಸೋತಿತು. ಮಗ ಕುರ್ಚಿ ತಂದು ಹಾಕಿದರು, ಕಾಲಿಗೊಂದು ಪುಟ್ಟ ಮಣೆ ಕೊಟ್ಟರು. ಅಮ್ಮ ಪಕ್ಕಕ್ಕೆ ಮುಖ ಮಾಡಿ ಕೂತರು. ಇಂದು ಪ್ಯಾರಿಸ್ಸಿನ ಒರ್ಸೆ ಸಂಗ್ರಹಾಲಯದ ಸೊತ್ತಾಗಿರುವ, ಜಗತ್ತೆಲ್ಲ ‘ವಿಸ್ಲರ್‌ನ ತಾಯಿ’ ಎಂದು ಕರೆಯುವ ಚಿತ್ರದ ಭಂಗಿ ಹುಟ್ಟಿದ್ದು ಹೀಗೆ, ವಯಸ್ಸಾದ ಕಾಲುಗಳ ಆಯಾಸದಿಂದ.

ಇದೆಲ್ಲ ನಮಗೆ ಗೊತ್ತಾಗಿರುವುದು ಆಕೆ ಅದೇ ವರ್ಷ ನವೆಂಬರಿನಲ್ಲಿ ತನ್ನ ಅಕ್ಕತಂಗಿಯರಲ್ಲಿ ಒಬ್ಬರಿಗೆ ಬರೆದ ಕಾಗದದಿಂದ. ಮಗ ಬಿಡಿಸುತ್ತ, ಕೆರೆದು ಅಳಿಸುತ್ತ, ಮತ್ತೆ ಬಿಡಿಸುತ್ತ ಒದ್ದಾಡುತ್ತಿದ್ದಾಗ ಕೂತಲ್ಲೇ ಮನಸ್ಸಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ ಎಂದು ಆಕೆ ಬರೆದಿದ್ದಾರೆ. ಕೊನೆಗೊಂದು ದಿನ ಮಗ, ಅಮ್ಮಾ, ಕೈಗೆ ಹತ್ತಿತು ಎಂದು ಸಂತೋಷದಿಂದ ಕೂಗಿ ಬಂದು ಮುತ್ತಿಟ್ಟರಂತೆ. ಕಲೆಯ ಇತಿಹಾಸದಲ್ಲಿ ಚಿತ್ರಕ್ಕೆ ಕೂತವರು ಕೂತದ್ದರ ಬಗ್ಗೆ ಬರೆದಿಟ್ಟದ್ದು ಅಪರೂಪ. ಆ ಕಾಗದ ಇಲ್ಲದಿದ್ದರೆ ಬೂದು ಗೋಡೆಯ ಮುಂದಿನ ಆ ಕರಿ ಉಡುಪಿನ ಮುದುಕಿ ಏನು ಯೋಚಿಸುತ್ತಿದ್ದಳು ಎಂದು ನಾವು ಊಹಿಸುತ್ತಲೇ ಇರಬೇಕಿತ್ತು.

ಆ ಕರಿ ಉಡುಪಿಗೂ ಒಂದು ಕಥೆ ಇದೆ. ಅನ್ನಾ ಹುಟ್ಟಿದ್ದು 1804ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಗಂಡ ರೈಲ್ವೆ ಎಂಜಿನಿಯರ್. ರಷ್ಯಾದ ಚಕ್ರವರ್ತಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ಹಾಕಿಸುತ್ತಿದ್ದ ರೈಲುಹಾದಿಯ ಕೆಲಸಕ್ಕೆ ಅವರನ್ನು ಕರೆಸಿಕೊಂಡಿದ್ದರು. ಸಂಸಾರವೂ ಹಿಂದೆ ಹೋಯಿತು. ಹುಡುಗ ಜೇಮ್ಸ್ ಚಿತ್ರಕಲೆಯ ಪಾಠ ಕಲಿತದ್ದು ಆ ಹಿಮದ ರಾಜಧಾನಿಯ ಅಕಾಡೆಮಿಯಲ್ಲೇ. 1849ರಲ್ಲಿ ಗಂಡ ಅಲ್ಲೇ ತೀರಿಕೊಂಡರು. ಅಷ್ಟರೊಳಗೆ ಐದು ಗಂಡುಮಕ್ಕಳಲ್ಲಿ ಮೂವರನ್ನು ಆಕೆ ಕಳೆದುಕೊಂಡಿದ್ದರು. ಅಂದಿನಿಂದ ತೊಟ್ಟ ಕಪ್ಪು ಬಟ್ಟೆಯನ್ನು ಮತ್ತೆ ಬದಲಿಸಲಿಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ ಸಮುದ್ರ ದಾಟಿ ಲಂಡನ್ನಿನ ಮಗನ ಮನೆಗೆ ಬಂದರು. ದೈವಭಕ್ತೆ ತಾಯಿ ಬರುತ್ತಾರೆಂದು ಗೊತ್ತಾದಾಗ, ಜೊತೆಯಲ್ಲಿ ಬಾಳುತ್ತಿದ್ದ ಜೋ ಹಿಫರ್ನನ್‌ಗೆ ಜೇಮ್ಸ್ ಅವಸರದಲ್ಲಿ ಬೇರೆ ಬಿಡಾರ ಹುಡುಕಬೇಕಾಯಿತು. ಜೋ ಕೂಡ ಅವರ ಹೆಸರಾಂತ ಚಿತ್ರಗಳಿಗೆ ನಿಂತವರೇ. ಒಂದೇ ಮನೆಯಲ್ಲಿ, ಒಬ್ಬರು ಹೋದ ಮೇಲೆ ಇನ್ನೊಬ್ಬರು.

ಚಿತ್ರ ದೊಡ್ಡದು: ಎತ್ತರ 144 ಸೆಂಟಿಮೀಟರ್, ಅಗಲ 162. ಆದರೂ ಅದರಲ್ಲಿ ಇರುವುದು ಕಡಿಮೆ. ಒಂದು ಬೂದು ಗೋಡೆ, ಎಡಗಡೆ ಬಳ್ಳಿಯ ನಮೂನೆಯ ಕಪ್ಪು ಪರದೆ, ಗೋಡೆಯ ಮೇಲೆ ಚೌಕಟ್ಟಿನೊಳಗೆ ವಿಸ್ಲರ್ ತಾವೇ ಮಾಡಿದ್ದ ಥೇಮ್ಸ್ ದಂಡೆಯ ಎಚಿಂಗ್, ನೆಲ, ಕುರ್ಚಿ, ಅಮ್ಮ. ಬಣ್ಣವನ್ನು ತೆಳ್ಳಗೆ ಕರಗಿಸಿಕೊಂಡು ಹಚ್ಚುವುದು ವಿಸ್ಲರ್ ಪದ್ಧತಿ. ಕೆಲವೆಡೆ ಬಟ್ಟೆಯ ನೇಯ್ಗೆಯೇ ಕಾಣುತ್ತದೆ. ಬೆಳಕು ಬಿದ್ದಿರುವುದು ಮೂರೇ ಕಡೆ. ಮುಖದ ಮೇಲೆ, ಲೇಸಿನ ಬಿಳಿ ಟೊಪ್ಪಿಗೆಯ ಮೇಲೆ, ಮಡಿಲಲ್ಲಿ ಕರವಸ್ತ್ರ ಹಿಡಿದ ಕೈಗಳ ಮೇಲೆ. ಕಣ್ಣು ಯಾರನ್ನೂ ನೋಡುತ್ತಿಲ್ಲ. ಮಗನನ್ನಂತೂ ಅಲ್ಲವೇ ಅಲ್ಲ.

1872ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಕಳಿಸಿದಾಗ ವಿಸ್ಲರ್ ಇದಕ್ಕೆ ಕೊಟ್ಟ ಹೆಸರು ‘ಬೂದು ಮತ್ತು ಕಪ್ಪಿನ ಸಂಯೋಜನೆ: ಚಿತ್ರಕಾರನ ತಾಯಿಯ ಭಾವಚಿತ್ರ’. ಮೊದಲು ಬಣ್ಣ, ಆಮೇಲೆ ತಾಯಿ. ಕೂತವರು ನನ್ನ ತಾಯಿ ಎನ್ನುವುದು ನನಗೆ ಮುಖ್ಯ, ನೋಡುವವರಿಗೆ ಅದರಿಂದ ಏನಾಗಬೇಕು ಎಂಬುದು ಅವರ ವಾದ. ಚಿತ್ರ ಸಂಗೀತದ ಹಾಗೆ ತನ್ನ ಸ್ವರಗಳಿಂದಲೇ ನಿಲ್ಲಬೇಕು ಎಂದು ನಂಬಿದ್ದವರು ಅವರು. ಅಕಾಡೆಮಿಯ ಮಂಡಳಿಗೆ ಇದು ಹಿಡಿಸಲಿಲ್ಲ. ಚಿತ್ರವನ್ನು ತಳ್ಳಿಹಾಕುವುದರಲ್ಲಿದ್ದಾಗ ಹಿರಿಯ ಕಲಾವಿದ ವಿಲಿಯಂ ಬಾಕ್ಸಲ್, ಇದನ್ನು ತೂಗುಹಾಕದಿದ್ದರೆ ನಾನೇ ಹೊರಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಈ ಬಾಕ್ಸಲ್ ಹಿಂದೆ 1849ರಲ್ಲಿ, ಬಾಲಕನಾಗಿದ್ದ ಜೇಮ್ಸ್‌ನ ಭಾವಚಿತ್ರ ಬಿಡಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಚಿತ್ರ ಗೋಡೆಗೇರಿತು. ವಿಸ್ಲರ್ ಮತ್ತೆಂದೂ ಆ ಅಕಾಡೆಮಿಯಲ್ಲಿ ತಮ್ಮ ವರ್ಣಚಿತ್ರ ಪ್ರದರ್ಶಿಸಲಿಲ್ಲ.

ಬಣ್ಣದ ಸಂಯೋಜನೆ ಎಂಬ ಅವರ ಮಾತನ್ನು ಲೋಕ ಕೇಳಲಿಲ್ಲ. ನೆರೆಯಲ್ಲೇ ಇದ್ದ ಇತಿಹಾಸಕಾರ ಥಾಮಸ್ ಕಾರ್ಲೈಲ್ ಈ ಚಿತ್ರ ನೋಡಿ ತಾವೂ ಹಾಗೆಯೇ ಕೂರಲು ಒಪ್ಪಿದರು. ಸಾಲದ ಕಾಲದಲ್ಲಿ ಚಿತ್ರ ಅಡಮಾನಕ್ಕೂ ಹೋಯಿತು. 1891ರಲ್ಲಿ ಫ್ರಾನ್ಸ್ ಸರ್ಕಾರ 4000 ಫ್ರಾಂಕ್ ಕೊಟ್ಟು ಕೊಂಡಿತು. ಅನ್ನಾ ಅದನ್ನು ನೋಡಲಿಲ್ಲ, ಅವರು 1881ರಲ್ಲೇ ಹೇಸ್ಟಿಂಗ್ಸ್ ಎಂಬ ಕಡಲ ಊರಿನಲ್ಲಿ ತೀರಿಕೊಂಡಿದ್ದರು. 1930ರ ದಶಕದ ಆರ್ಥಿಕ ಸಂಕಷ್ಟದಲ್ಲಿ ಚಿತ್ರ ಅಮೆರಿಕದ ಊರೂರು ಸುತ್ತಿತು. 1934ರಲ್ಲಿ ಅಲ್ಲಿನ ಅಂಚೆ ಇಲಾಖೆ ಅಮೆರಿಕದ ತಾಯಂದಿರ ಗೌರವಾರ್ಥ ಮೂರು ಸೆಂಟಿನ ಅಂಚೆಚೀಟಿ ತಂದಾಗ ಅದರಲ್ಲಿ ಕೂತವರು ಇದೇ ಅನ್ನಾ. ಆದರೆ ಚಿತ್ರವನ್ನು ಕತ್ತರಿಸಿ, ಮೂಲೆಯಲ್ಲಿ ಇಲ್ಲದ ಒಂದು ಹೂಕುಂಡ ಸೇರಿಸಿದ್ದರು. ಕಲಾವಿದರು ಸಿಟ್ಟಾದರು. ಸಿಟ್ಟಾಗಬೇಕಾದದ್ದೇ. ಮಗ ಆಕೆಯನ್ನು ಬಣ್ಣವಾಗಿಸಿದ್ದರು, ದೇಶ ಆಕೆಯನ್ನು ಎಲ್ಲರ ಅಮ್ಮನಾಗಿಸಿತು. ಮೂರು ಮಕ್ಕಳನ್ನು ಮಣ್ಣಿಗಿಟ್ಟು, ಕೂತಲ್ಲೇ ಮಗನಿಗಾಗಿ ಪ್ರಾರ್ಥಿಸುತ್ತಿದ್ದ ಅನ್ನಾ ಎಂಬ ಒಬ್ಬಾಕೆ ಇವೆರಡರ ನಡುವೆ ಎಲ್ಲೋ ಉಳಿದುಬಿಟ್ಟರು.

ಮನೆಯವರ ಚಿತ್ರಗಳಿಗೆಲ್ಲ ಸಾಮಾನ್ಯವಾಗಿ ಆಗುವುದು ಇದು. ಚಿತ್ರ ಹೆಸರು ಮಾಡಿದಷ್ಟೂ ಅದರೊಳಗಿನ ವ್ಯಕ್ತಿಯ ಹೆಸರು ಅಳಿಯುತ್ತದೆ. ಆದರೆ ಆ ಚಿತ್ರ ಸಾಧ್ಯವಾದದ್ದೇ ಆ ವ್ಯಕ್ತಿ ಗಂಟೆಗಟ್ಟಲೆ ಅಲುಗಾಡದೆ ಇದ್ದುದರಿಂದ. ಹಣ ಕೊಟ್ಟು ಕರೆಸಿದ ಮಾಡೆಲ್ ಹೊತ್ತಾಯಿತೆಂದು ಎದ್ದು ಹೋಗಬಹುದು. ಹೆಂಡತಿ, ತಾಯಿ, ಮಗಳಿಗೆ ಆ ಸವಲತ್ತಿಲ್ಲ. ಪೌಲ್ ಸೆಜಾನ್ ತಮ್ಮ ಹೆಂಡತಿ ಒರ್ತಾನ್ಸ್ ಅವರನ್ನು ಕೂರಿಸಿ ಬಿಡಿಸಿದ ತೈಲಚಿತ್ರಗಳೇ ಸುಮಾರು 29. ಕೂತವರು ಸೇಬುಹಣ್ಣಿನಂತೆ ಅಲ್ಲಾಡದಿರಬೇಕು ಎಂದು ನಿರೀಕ್ಷಿಸುತ್ತಿದ್ದ, ನಿಧಾನಕ್ಕೆ ಹೆಸರಾದ ಆ ಕಲಾವಿದನ ಮುಂದೆ 29 ಚಿತ್ರವೆಂದರೆ ಎಷ್ಟು ಹಗಲುಗಳು! ಆ ಚಿತ್ರಗಳಲ್ಲಿ ಒರ್ತಾನ್ಸ್ ನಗುವುದಿಲ್ಲ ಎಂದು ವಿಮರ್ಶಕರು ದೂರಿದ್ದುಂಟು. ಅಷ್ಟು ಹೊತ್ತು ಕೂತು ನಗುತ್ತಿರುವವರು ಯಾರಿದ್ದಾರೆ?

ಮನೆಯವರನ್ನು ಬಿಡಿಸುವುದರಲ್ಲಿ ಇನ್ನೊಂದು ಕಷ್ಟವಿದೆ. ಪ್ರತಿದಿನ ನೋಡುವ ಮುಖವನ್ನು ನಾವು ನಿಜವಾಗಿ ನೋಡುವುದಿಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1514ರ ಮಾರ್ಚ್ 19ರಂದು ಆಲ್ಬ್ರೆಕ್ಟ್ ಡ್ಯೂರರ್ ತಮ್ಮ ತಾಯಿ ಬಾರ್ಬರಾ ಅವರನ್ನು ಇದ್ದಿಲಿನಲ್ಲಿ ಬಿಡಿಸಿದಾಗ ಆ ಅಭ್ಯಾಸವನ್ನು ಮುರಿದರು. ಆಕೆಗೆ ಆಗ 63. ಹೆತ್ತದ್ದು ಹದಿನೆಂಟು ಮಕ್ಕಳನ್ನು. ಗಂಡ ಸತ್ತ ಮೇಲೆ ಮಗನ ಮನೆಯಲ್ಲೇ ಇದ್ದರು. ಚಿತ್ರದಲ್ಲಿ ಹಣೆಯ ನೆರಿಗೆ, ಎದ್ದು ಕಾಣುವ ಕೆನ್ನೆಯ ಮೂಳೆ, ಕತ್ತಿನ ನರ, ಎರಡು ದಿಕ್ಕಿಗೆ ನೋಡುವಂತಿರುವ ಕಣ್ಣು ಎಲ್ಲವೂ ಇವೆ. ಒಂದನ್ನೂ ಮಗ ಮೆತ್ತಗೆ ಮಾಡಿಲ್ಲ. ಮೇಲ್ಗಡೆ ಮೂಲೆಯಲ್ಲಿ ಇದು ತಾಯಿಯ ಚಿತ್ರ, ವಯಸ್ಸು ಇಷ್ಟು ಎಂದು ಬರೆದರು. ಎರಡು ತಿಂಗಳಲ್ಲಿ ತಾಯಿ ತೀರಿಕೊಂಡಾಗ ಅದೇ ಹಾಳೆಯಲ್ಲಿ, ಈ ಸಲ ಶಾಯಿಯಲ್ಲಿ, ಸತ್ತ ದಿನ ಮತ್ತು ಹೊತ್ತನ್ನು ಸೇರಿಸಿದರು. ಬರ್ಲಿನ್ನಿನ ಸಂಗ್ರಹದಲ್ಲಿರುವ ಆ ಹಾಳೆ ಚಿತ್ರವೂ ಹೌದು, ಮನೆಯ ದಾಖಲೆಯೂ ಹೌದು. ಮುದಿತನವನ್ನು ಇಷ್ಟು ನೇರವಾಗಿ, ಇಷ್ಟು ಪ್ರೀತಿಯಿಂದ ಕಂಡ ಚಿತ್ರ ಯುರೋಪಿನಲ್ಲಿ ಅದಕ್ಕೆ ಮುಂಚೆ ಹುಡುಕಿದರೆ ಸಿಗುವುದು ಕಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ಲೂಸಿಯನ್ ಫ್ರಾಯ್ಡ್ ಇದೇ ಕೆಲಸಕ್ಕೆ ವರ್ಷಗಳನ್ನೇ ಕೊಟ್ಟರು. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರ ಮೊಮ್ಮಗ ಈತ. ತಂದೆ 1970ರಲ್ಲಿ ಹೋದ ಮೇಲೆ ತಾಯಿ ಲೂಸಿ ಬದುಕಿನ ಆಸೆಯನ್ನೇ ಬಿಟ್ಟಿದ್ದರು, ಸಾಯಲೂ ಯತ್ನಿಸಿದ್ದರು. 1972ರಿಂದ ಮಗ ಅವರನ್ನು ಮನೆಯಿಂದ ತಮ್ಮ ಸ್ಟುಡಿಯೋಗೆ ಕರೆತಂದು ಕೂರಿಸಿಕೊಂಡು ಬಿಡಿಸತೊಡಗಿದರು. ಚಿಕ್ಕಂದಿನಲ್ಲಿ ತಾಯಿಯ ಗಮನವೆಲ್ಲ ತನ್ನ ಮೇಲೇ ಇರುತ್ತಿದ್ದುದು ಉಸಿರು ಕಟ್ಟಿಸುತ್ತಿತ್ತು, ಈಗ ಆಕೆಗೆ ನನ್ನಲ್ಲಿ ಆಸಕ್ತಿ ಇಲ್ಲವಾದ್ದರಿಂದ ಬಿಡಿಸಲು ಸಾಧ್ಯವಾಯಿತು ಎಂದು ಅವರು ಹೇಳಿಕೊಂಡದ್ದುಂಟು. ಕೇಳಲು ಕಠೋರ. ಆದರೆ ಆ ಚಿತ್ರಗಳ ಮುಂದೆ ನಿಂತವರಿಗೆ ಅಲ್ಲಿ ಕಾಣುವುದು ಬೇರೆ: ಬೆಳಗಾದರೆ ತಾಯಿಯನ್ನು ಹಾಸಿಗೆಯಿಂದ ಎಬ್ಬಿಸಲು, ಹೊರಗೆ ಕರೆದೊಯ್ಯಲು ಮಗನಿಗೆ ಸಿಕ್ಕ ಒಂದು ಕಾರಣ.

ಭಾರತಕ್ಕೆ ಬಂದರೆ, ತೈಲವರ್ಣದಲ್ಲಿ ಮನೆಯೊಳಗಿನ ಹೆಣ್ಣನ್ನು ತಂದ ಕಲಾವಿದರಲ್ಲಿ ಮೊದಲು ನೆನಪಾಗುವವರು ರಾಜಾ ರವಿವರ್ಮ. 1893ರ ‘ಅಪ್ಪ ಬಂದ’ ಚಿತ್ರದಲ್ಲಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ನಿಂತಿರುವಾಕೆ ಅವರ ಹಿರಿಯ ಮಗಳು ಮಹಾಪ್ರಭಾ. ಮಗು ಅವರ ಮೊಮ್ಮಗ. ಪಕ್ಕದಲ್ಲಿ ನಾಯಿ. ಮೂವರ ಗಮನವೂ ಚೌಕಟ್ಟಿನ ಆಚೆ, ಬರುತ್ತಿರುವ ಅಪ್ಪನ ಕಡೆ. ಚಿತ್ರದಲ್ಲಿ ಇಲ್ಲದವನೇ ಚಿತ್ರದ ಹೆಸರು. ಕೇರಳದ ರಾಜಮನೆತನಗಳಲ್ಲಿ ಆಗ ಮರುಮಕ್ಕತಾಯಂ ನಡೆಯುತ್ತಿತ್ತು. ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಪ್ಪ ಬಂದು ಹೋಗುವವನು. ಆ ಪದ್ಧತಿಗೆ ಹೊಸ ಕಾಲದ ಗಾಳಿ ತಾಗುತ್ತಿದ್ದ ದಿನಗಳಲ್ಲಿ, ಗಂಡ ಹೆಂಡತಿ ಮಗು ಎಂಬ ಚಿಕ್ಕ ಸಂಸಾರದ ಕನಸನ್ನು ಕಲಾವಿದ ತಮ್ಮ ಮಗಳ ಮೂಲಕ ಬಿಡಿಸಿದರೆ ಎಂದು ವಿದ್ವಾಂಸರು ಕೇಳಿದ್ದಾರೆ. ಚಿತ್ರವನ್ನು ಹಾಗೆ ಓದಿದಾಗ ಮಗಳ ಬೆರಳು, ಮಗುವಿನ ನೋಟ ಎಲ್ಲಕ್ಕೂ ಇನ್ನೊಂದು ಭಾರ ಬರುತ್ತದೆ. ಈ ಮಹಾಪ್ರಭಾ ಅವರ ಮಗಳು ಸೇತು ಲಕ್ಷ್ಮೀಬಾಯಿ ಮುಂದೆ ತಿರುವಾಂಕೂರು ಸಂಸ್ಥಾನಕ್ಕೆ ದತ್ತು ಹೋಗಿ, ಅದರ ಆಡಳಿತ ನಡೆಸಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1985ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ರವಿವರ್ಮರ ಹೆಸರು ಬಂದ ಮೇಲೆ ಮೈಸೂರಿಗೆ ಹೋಗಲೇಬೇಕು. ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿಯಲ್ಲಿ ಅವರ ಚಿತ್ರಗಳಿವೆ. ಆದರೆ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿ ಬಂದ ಯಾರನ್ನಾದರೂ ಕೇಳಿ, ಅವರಿಗೆ ಮೊದಲು ನೆನಪಾಗುವುದು ಕತ್ತಲ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ. ದೀಪದ ಬೆಳಕು ನಿಜವಾಗಿ ಮುಖದ ಮೇಲೆ ಬೀಳುತ್ತಿದೆಯೇನೋ ಎಂದು ಬೆರಗಾಗಿ ನಿಂತ ನೆನಪು. ಬರೆದವರು ಯಾರು ಎಂದರೆ ಹತ್ತರಲ್ಲಿ ಹೆಚ್ಚಿನವರು ರವಿವರ್ಮ ಎನ್ನುತ್ತಾರೆ.

ಅಲ್ಲ. ಅದು ಸಾವಳಾರಾಮ್ ಲಕ್ಷ್ಮಣ ಹಳದಣಕರ್ ಅವರ ‘ಗ್ಲೋ ಆಫ್ ಹೋಪ್’. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು. ಈ ಚಿತ್ರದ ಕಾಲ 1945-46 ಎಂದು ಹೇಳಲಾಗುತ್ತದೆ, ಅಂದರೆ ಸುಮಾರು ನಲವತ್ತು ವರ್ಷ ಆಮೇಲೆ. ರವಿವರ್ಮರ ಕೈ ಪಳಗಿದ್ದು ತೈಲವರ್ಣದಲ್ಲಿ, ಇದು ಜಲವರ್ಣ. ದೀಪ ಹಿಡಿದವರು ಹಳದಣಕರ್ ಅವರ ಮಗಳು ಗೀತಾ.

ಹಳದಣಕರ್ 1882ರಲ್ಲಿ ಕೊಂಕಣದ ಸಾವಂತವಾಡಿಯಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ಊರಿನಲ್ಲಿ ತಮ್ಮ ಹೆಸರಿನ ಕಲಾಸಂಸ್ಥೆ ತೆರೆದರು. ತೈಲದಲ್ಲಿ ಭಾವಚಿತ್ರಗಳನ್ನು ಬಿಡಿಸಿದರೂ ಅವರ ಹೆಸರು ಹೆಚ್ಚು ಮೆರೆದದ್ದು ಜಲವರ್ಣದಿಂದ. ದೀಪಾವಳಿಯ ಒಂದು ಸಂಜೆ, ಸೀರೆ ಉಟ್ಟ ಮಗಳು ಗಾಳಿಗೆ ಆರದಂತೆ ದೀಪಕ್ಕೆ ಅಂಗೈ ಮರೆ ಮಾಡಿಕೊಂಡು ಬರುವುದನ್ನು ಅಪ್ಪ ಕಂಡರು, ಅಲ್ಲಿಂದಲೇ ಚಿತ್ರ ಹುಟ್ಟಿತು ಎಂಬುದು ಈ ಚಿತ್ರದ ಜೊತೆಗೇ ಬಂದ ಮಾತು. ಕಂಡದ್ದು ಒಂದು ಗಳಿಗೆ. ಬಿಡಿಸಲು ಮಾತ್ರ ಗೀತಾ ಗಂಟೆಗಟ್ಟಲೆ ಅದೇ ಭಂಗಿಯಲ್ಲಿ ನಿಲ್ಲಬೇಕಾಯಿತು.

ಆ ನಿಲ್ಲುವಿಕೆ ಏಕೆ ಅಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಜಲವರ್ಣದ ಗುಣವನ್ನು ಸ್ವಲ್ಪ ಅರಿಯಬೇಕು. ತೈಲವರ್ಣದಲ್ಲಿ ತಪ್ಪಾದರೆ ಕೆರೆಯಬಹುದು, ಒಣಗಿದ ಮೇಲೆ ಇನ್ನೊಂದು ಪದರ ಹಚ್ಚಬಹುದು. ವಿಸ್ಲರ್ ತಾಯಿಯನ್ನು ಕೂರಿಸಿಕೊಂಡು ಮಾಡಿದ್ದು ಅದನ್ನೇ. ಕತ್ತಲೆಯ ಮೇಲೆ ಬೆಳಕನ್ನು ಕೊನೆಗೆ ಇಡುವುದು ಅಲ್ಲಿ ಸುಲಭ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಬಣ್ಣ ಪಾರದರ್ಶಕ, ಮೊದಲು ತೆಳು ಬಣ್ಣ, ಅದು ಒಣಗಿದ ಮೇಲೆ ದಟ್ಟ ಬಣ್ಣ, ಹೀಗೆ ಬೆಳಕಿನಿಂದ ಕತ್ತಲೆಗೆ ಇಳಿಯಬೇಕು. ದೀಪದ ನಾಲಗೆ ಇರಬೇಕಾದ ಜಾಗವನ್ನು ಮೊದಲ ದಿನವೇ ಗೊತ್ತುಮಾಡಿ ಕೊನೆಯವರೆಗೆ ಕಾಪಾಡಬೇಕು. ಒಮ್ಮೆ ಅಲ್ಲಿ ಕಡುಬಣ್ಣ ಹರಿದರೆ ಕಾಗದದ ಆ ಬಿಳುಪು ಮರಳಿ ಪೂರ್ತಿ ಸಿಗುವುದಿಲ್ಲ. ಒದ್ದೆ ಇದ್ದಾಗ ಗಾಢವಾಗಿ ಕಂಡ ಬಣ್ಣ ಒಣಗಿದಾಗ ತಿಳಿಯಾಗಿಬಿಡುತ್ತದೆ, ಅದನ್ನೂ ಲೆಕ್ಕ ಹಿಡಿದೇ ಕುಂಚ ಅದ್ದಬೇಕು. ದೊಡ್ಡ ಕತ್ತಲ ಹಿನ್ನೆಲೆಯನ್ನು ನೀರಿನ ಕಲೆ ಏಳದಂತೆ, ಗೆರೆ ಬೀಳದಂತೆ ಸಮನಾಗಿ ಹರಡುವುದು ಪಳಗಿದವರನ್ನೂ ಬೆವರಿಳಿಸುವ ಕೆಲಸ. ರಾತ್ರಿಯ ಒಂದು ದೀಪವನ್ನು ಚಿತ್ರಿಸಲು ಜಲವರ್ಣಕ್ಕಿಂತ ಕಷ್ಟದ ಮಾಧ್ಯಮ ಬೇರೆ ಇಲ್ಲ ಎಂದರೂ ಸಲ್ಲುತ್ತದೆ. ತಿದ್ದಲು ಬಾರದ ಮಾಧ್ಯಮದಲ್ಲಿ ತಪ್ಪಿಲ್ಲದೆ ಬಿಡಿಸಿ ತೋರಿಸುತ್ತೇನೆಂದೇ ಹಳದಣಕರ್ ಅದನ್ನು ಆರಿಸಿಕೊಂಡರಂತೆ. ಅಂಥವರ ಮುಂದೆ ನಿಂತವರ ಕೈ ಇಷ್ಟು ಕೆಳಗಿಳಿದರೂ ಬೆರಳ ಸಂದಿಯ ಬೆಳಕು, ಗಲ್ಲದ ನೆರಳು, ಸೀರೆಯ ಮಡಿಕೆಯ ಹೊಳಪು ಎಲ್ಲವೂ ಜಾಗ ಬದಲಿಸುತ್ತವೆ.

ಅಂಗೈಯಿಂದ ದೀಪ ಮರೆ ಮಾಡುವ ಭಂಗಿ ಕಲೆಗೆ ಹೊಸತೇನಲ್ಲ. ಫ್ರಾನ್ಸಿನ ಜಾರ್ಜ್ ದ ಲಾ ತೂರ್ ಹದಿನೇಳನೆಯ ಶತಮಾನದಲ್ಲಿ ಬಿಡಿಸಿದ, ಈಗ ಲೂವ್ರ್‌ನಲ್ಲಿರುವ ಬಡಗಿ ಜೋಸೆಫನ ಚಿತ್ರದಲ್ಲಿ ಬಾಲಕ ಯೇಸು ಮೇಣದಬತ್ತಿಗೆ ಹಾಗೆಯೇ ಕೈ ಅಡ್ಡ ಹಿಡಿದಿದ್ದಾನೆ, ಬೆಳಕು ಬೆರಳುಗಳನ್ನು ತೂರಿ ಬರುತ್ತದೆ. ಎಲ್ಲ ದೇಶಗಳ ಮನೆಗಳಲ್ಲೂ ವಿದ್ಯುತ್ತಿಗೆ ಮುಂಚೆ ಜನ ಹಾಗೆಯೇ ನಡೆದಾಡಿರಬೇಕಲ್ಲ. ಆದರೆ ಲಾ ತೂರ್ ಚಿತ್ರದಲ್ಲಿ ದೇವರ ಕಥೆ ಇದೆ. ಮೈಸೂರಿನ ಚಿತ್ರದಲ್ಲಿ ಅಂಥ ಕಥೆ ಇಲ್ಲ. ಪುರಾಣವಿಲ್ಲ, ರಾಜಕುಮಾರಿಯಿಲ್ಲ, ಹಿಂದೆ ಅರಮನೆಯ ಕಂಬವಿಲ್ಲ. ಹಬ್ಬದ ಸಂಜೆ ಮನೆಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೀಪ ಒಯ್ಯುತ್ತಿರುವ ಹೆಣ್ಣು, ಅಷ್ಟೇ. ನಮ್ಮ ಸೀಮೆಯ ಎಷ್ಟೋ ಮನೆಗಳ ನಡುಮನೆಯಲ್ಲಿ ಇದರ ಮುದ್ರಿತ ಪ್ರತಿ ತೂಗುವುದಕ್ಕೆ ಈ ಕಥೆಯಿಲ್ಲದಿರುವಿಕೆಯೇ ಕಾರಣವಿರಬೇಕು. ಸಂಜೆ ದೇವರ ಕೋಣೆಯಿಂದ ತುಳಸಿಕಟ್ಟೆಗೆ ದೀಪ ಒಯ್ದ ಅಜ್ಜಿಯೋ ಅತ್ತೆಯೋ ನೋಡುವವರ ಕಣ್ಣಿಗೆ ಬರುತ್ತಾರೆ. ಚಿತ್ರ ಅವರ ಮನೆಯದಾಗಿಬಿಡುತ್ತದೆ, ಮುಂಬಯಿಯ ಒಬ್ಬ ಅಪ್ಪನ ಮಗಳು ಅದರೊಳಗಿಂದ ಜಾರಿ ಹೋಗುತ್ತಾಳೆ.

ಗೀತಾ ಮದುವೆಯಾಗಿ ಉಪ್ಳೇಕರ್ ಆದರು. 2018ರ ಅಕ್ಟೋಬರಿನಲ್ಲಿ ಕೊಲ್ಹಾಪುರದಲ್ಲಿ ಅವರು ತೀರಿಕೊಂಡಾಗ ವಯಸ್ಸು 102. ಆ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆಯೇ, ಮೈಸೂರಿನ ಆ ದೀಪದ ಹೆಂಗಸು ನಿಜವಾಗಿ ಬಾಳಿದ ಒಬ್ಬಾಕೆ, ಮೊನ್ನೆ ಮೊನ್ನೆಯವರೆಗೂ ನಮ್ಮ ಗಡಿಯಾಚೆಯ ಊರಿನಲ್ಲೇ ಇದ್ದರು ಎಂದು ಬಹಳ ಜನಕ್ಕೆ ಗೊತ್ತಾದದ್ದು. ಹಳದಣಕರ್ 1968ರಲ್ಲೇ ಹೋಗಿದ್ದರು. ಅಪ್ಪನ ನಂತರ ಅರ್ಧ ಶತಮಾನ, ಆ ಚಿತ್ರಕ್ಕೆ ನಿಂತವರು ಬದುಕಿದ್ದಾಗಲೇ, ಮುದ್ರಿತ ಪ್ರತಿಗಳು ರವಿವರ್ಮರ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು, ಈಗಲೂ ಫೋನಿನಿಂದ ಫೋನಿಗೆ ಅದೇ ಹೆಸರಿನಲ್ಲಿ ಹೋಗುತ್ತಿವೆ. ಹಾಗೆ ಬಂದಾಗ ತಿದ್ದಿ ಕಳಿಸಲು ಹೆಚ್ಚು ಶ್ರಮವೇನೂ ಬೇಡ. ಬರೆದವರು ಎಸ್.ಎಲ್. ಹಳದಣಕರ್, ನಿಂತವರು ಅವರ ಮಗಳು ಗೀತಾ ಎಂದು ಎರಡು ಹೆಸರು ಸೇರಿಸಿದರೆ ಆಯಿತು.